ಸಂಬಳವಿಲ್ಲದ ಲೆಕ್ಕಿಗರು

ಭಾನುವಾರ ಚಿಕ್ಕಮಗಳೂರು ಜಿಲ್ಲೆಯ ದೇವರಮನೆ ಬೆಟ್ಟಕ್ಕೆ ಬರುವವರಲ್ಲಿ ಎರಡು ಪಂಗಡ. ಮೊದಲನೆಯದು ಮಂಜು ನೋಡಲು ಬರುವುದು. ಮೂಡಿಗೆರೆ ಕಡೆಯಿಂದ ಕಾಫಿ ತೋಟಗಳ ನಡುವಿನ ಕಿರಿದಾದ ರಸ್ತೆ ಹಿಡಿದು ಬಂದು, ಕಾಲಭೈರವೇಶ್ವರನ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ, ಹುಲ್ಲುಗುಡ್ಡ ಹತ್ತಿ, ಕಣಿವೆ ಕಾಣುವ ಅಂಚಿನಲ್ಲಿ ಫೋಟೊ ಹೊಡೆದುಕೊಂಡು ಇಳಿಯುತ್ತದೆ. ಇಳಿಯುವಾಗ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ಟು, ಒಮ್ಮೊಮ್ಮೆ ಒಡೆದ ಬಿಯರ್ ಬಾಟಲಿ ಅಲ್ಲೇ ಉಳಿಯುತ್ತವೆ. ಎರಡನೆಯ ಪಂಗಡ ಅವನ್ನು ಹೆಕ್ಕಲು ಆಗೊಮ್ಮೆ ಈಗೊಮ್ಮೆ ಗೋಣಿಚೀಲ, ಕೈಗವಸು ಹಿಡಿದು ಬರುತ್ತದೆ. ಸುತ್ತಲಿನ ಊರಿನ ಹುಡುಗರು, ಕಾಲೇಜಿನವರು, ಚಾರಣದ ಗುಂಪಿನವರು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ರಜೆಗೆ ಊರಿಗೆ ಬಂದವರು. ಹುಲ್ಲಿನೊಳಗೆ ಹುದುಗಿದ ಗಾಜಿನ ಚೂರು ಹೆಕ್ಕುವುದೇ ಇದರಲ್ಲಿ ಕಷ್ಟದ ಕೆಲಸ. ಅಲ್ಲಿ ಮೇಯುವ ದನದ ಗೊರಸಿಗೆ ಮೊದಲು ತಾಗುವುದೂ ಅದೇ.

ಈ ಎರಡನೆಯವರ ಕೆಲಸವನ್ನು ಹಗುರ ಮಾಡುವಂತಿಲ್ಲ. ಆದರೂ ಒಂದು ಮಾತು ಹೇಳಬೇಕು. ಚೀಲಗಳನ್ನು ಪಿಕಪ್ಪಿಗೆ ಹೇರಿ, ಗುಂಪು ಫೋಟೊ ಆದ ಮೇಲೆ ಆ ದಿನದ ದುಡಿಮೆಯ ಗುರುತು ಎಲ್ಲೂ ಉಳಿಯುವುದಿಲ್ಲ. ಯಾವ ತಿರುವಿನಲ್ಲಿ ಎಷ್ಟು ಸಿಕ್ಕಿತು, ಗಾಜೆಷ್ಟು, ಪ್ಲಾಸ್ಟಿಕ್ಕೆಷ್ಟು, ಮಳೆಗಾಲದಲ್ಲಿ ಹೆಚ್ಚೋ ಬೇಸಿಗೆಯಲ್ಲಿ ಹೆಚ್ಚೋ ಎಂದು ಬರೆದಿಡುವವರು ಕಡಿಮೆ. ನಾಳೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಬೇಕಾದರೆ ಕೈಯಲ್ಲಿರುವುದು ಫೋಟೊ ಮಾತ್ರ.

ವಿಚಿತ್ರವೆಂದರೆ, ಬರೆದಿಡುವ ಸ್ವಯಂಸೇವೆ ಈ ಜಿಲ್ಲೆಗೆ ಹೊಸದಲ್ಲ. ಅಂಥವರ ನೋಟ್‌ಬುಕ್ಕುಗಳು ದೇವರಮನೆಯ ಉತ್ತರಕ್ಕಿರುವ ಭದ್ರಾ ಕಾಡಿನಲ್ಲಿ, ಕಳಸದಾಚೆಯ ಕುದುರೆಮುಖದಲ್ಲಿ ಏನು ಮಾಡಿದವೆಂಬುದು ತಿಳಿಯಬೇಕಾದ ಕಥೆ.

ಕೂಲಿಯಿಲ್ಲದ ದುಡಿಮೆ ಮಲೆನಾಡಿನ ಹಳೆಯ ರೂಢಿ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಕರೆಯುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಡಿದ್ದು ನಮ್ಮ ಗದ್ದೆಗೆ ನೀವು. ಮಳೆ ಹಿಡಿಯುವ ಮೊದಲು ಹಳ್ಳಕ್ಕೆ ಅಡಕೆ ಮರದ ಸಂಕ ಹಾಕುವುದು, ಗಾಳಿಗೆ ಮರ ಬಿದ್ದರೆ ಕೊಯ್ದು ರಸ್ತೆ ಬಿಡಿಸುವುದು, ಕಾಯಿಲೆಯವರನ್ನು ಕಂಬಳಿಯಲ್ಲಿ ಹೊತ್ತು ಡಾಂಬರು ರಸ್ತೆಗೆ ತಲುಪಿಸುವುದು ಎಲ್ಲವೂ ಊರೊಟ್ಟಿನ ಕೆಲಸ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ತೋಟ, ಮನೆ ಹೋದಾಗ, ಚಾರ್ಮಾಡಿ ಘಾಟಿ ಮುಚ್ಚಿಹೋದಾಗ ಮೊದಲು ಕೈ ಕೊಟ್ಟವರೂ ಅಕ್ಕಪಕ್ಕದ ಊರವರೇ. ಮುಯ್ಯಾಳಿಗೂ ಲೆಕ್ಕವಿತ್ತು. ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬುದು ಮನೆಯ ಹೆಂಗಸರಿಗೆ ಬಾಯಿಪಾಠ. ಬರೆದಿಡುತ್ತಿರಲಿಲ್ಲ, ಅಷ್ಟೆ.

ಬರೆದಿಡುವ ಚಟ ಹತ್ತಿದ್ದು ಕಾಫಿಯವರಿಗೆ. ಹಳೆಯ ಎಸ್ಟೇಟುಗಳಲ್ಲಿ ಇವತ್ತಿಗೂ ಅಂಗಳದ ತೆರಪಿನಲ್ಲಿ ಮಳೆಮಾಪಕ ನಿಂತಿರುತ್ತದೆ. ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ನೀರು ಅಳೆದು, ಒಂದು ಇಂಚು ಇಪ್ಪತ್ತು ಸೆಂಟು ಎಂದು ಪುಸ್ತಕಕ್ಕೆ ಏರಿಸಬೇಕು. ಹೂಮಳೆ ಎಂದು ಬಂತು, ಹೂ ಕಾಯಿಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಅದಾದ ಎಷ್ಟನೇ ದಿನಕ್ಕೆ ಬಂತು, ಆಷಾಢದಲ್ಲಿ ಎಷ್ಟು ಸುರಿಯಿತು ಎಂಬುದೆಲ್ಲ ಅಜ್ಜನ ಕೈಬರಹದಿಂದ ಮೊಮ್ಮಗನ ಕೈಬರಹದವರೆಗೆ ಅದರಲ್ಲಿ ಸಿಗುತ್ತದೆ. ಯಾವ ಸರ್ಕಾರವೂ ಹೇಳದೆ, ಯಾರೂ ಸಂಬಳ ಕೊಡದೆ ಬೆಳೆದ ದಾಖಲೆ ಇದು. ಮಳೆ ಸರಿದಿದೆ, ಕಾಲ ಕೆಟ್ಟಿದೆ ಎಂದು ಎಲ್ಲರೂ ಗೊಣಗುತ್ತಾರೆ. ಪುಸ್ತಕ ಇದ್ದವರು ಮಾತ್ರ ಎಷ್ಟು ಎಂದು ಹೇಳಬಲ್ಲರು.

ಕಾಡಿನ ಲೆಕ್ಕವನ್ನು ಇದೇ ಶಿಸ್ತಿಗೆ ತಂದವರಲ್ಲಿ ಮುಖ್ಯರು ಡಾ. ಕೆ. ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ. ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಹೊರಳಿದವರು. ಅವರು 1984ರಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಕಟ್ಟಿದ ಕಾಲಕ್ಕೆ ಹುಲಿ ಗಣತಿ ಎಂದರೆ ಹೆಜ್ಜೆ ಗುರುತಿನ ಮೇಲೆ ಗಾಜು ಇಟ್ಟು ಅಚ್ಚು ತೆಗೆಯುವುದಾಗಿತ್ತು. ಆ ಅಂಕಿಗಳನ್ನು ನಂಬುವಂತಿಲ್ಲವೆಂದು ಕಾರಂತರು ವರ್ಷಗಟ್ಟಲೆ ವಾದಿಸಿದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂಬುದು ಹೊರಬಿದ್ದ ಮೇಲೆ ದೇಶ ಆ ವಿಧಾನ ಕೈಬಿಟ್ಟಿತು. 2006ರ ಹೊಸ ಅಂದಾಜಿನಲ್ಲಿ ದೇಶದ ಹುಲಿಗಳು 1,411; 2022ರಲ್ಲಿ 3,682, ಅದರಲ್ಲಿ ಕರ್ನಾಟಕದ್ದು 563.

ಹುಲಿಯ ಸಂಖ್ಯೆ ನಿಲ್ಲುವುದು ಅದರ ಊಟದ ಮೇಲೆ. ಹಾಗಾಗಿ ಕಡವೆ, ಜಿಂಕೆ, ಕಾಟಿ, ಕಾಡುಹಂದಿಗಳನ್ನು ಎಣಿಸಬೇಕು. ನೂರಾರು ಕಿಲೋಮೀಟರ್ ನಡೆಯುವ ಈ ಕೆಲಸಕ್ಕೆ ಸಂಶೋಧಕರ ಕೈ ಸಾಲದು. ನಾಗರಹೊಳೆಯಲ್ಲಿ, ಭದ್ರಾದಲ್ಲಿ ಆ ಕೊರತೆ ತುಂಬಿದವರು ಸ್ವಯಂಸೇವಕರು: ಬೆಳೆಗಾರರ ಮಕ್ಕಳು, ಬ್ಯಾಂಕಿನವರು, ಮೇಷ್ಟರು, ಸಾಫ್ಟ್‌ವೇರ್‌ನವರು, ವಿದ್ಯಾರ್ಥಿಗಳು. ಬಂದವರಿಗೆಲ್ಲ ಮೊದಲು ತರಬೇತಿ. ಅದಿಲ್ಲದೆ ಕಾಡಿಗೆ ಬಿಡುವುದಿಲ್ಲ.

ಲೈನ್ ಟ್ರಾನ್ಸೆಕ್ಟ್ ಎಂಬ ಈ ನಡಿಗೆ ನೋಡಲು ಸುಲಭ. ಕಾಡಿನೊಳಗೆ ಮೊದಲೇ ಸವರಿ ಗುರುತು ಹಾಕಿದ ಮೂರು ಕಿಲೋಮೀಟರ್ ಚಿಲ್ಲರೆ ಉದ್ದದ ಹಾದಿ. ಹೊತ್ತು ಮೂಡುತ್ತಿದ್ದಂತೆ ಇಬ್ಬರು ಹೊರಡುತ್ತಾರೆ. ಮಾತಿಲ್ಲ, ಸುಗಂಧ ಪೂಸಿಕೊಳ್ಳುವಂತಿಲ್ಲ, ಬಣ್ಣದ ಅಂಗಿಯಿಲ್ಲ. ತರಗೆಲೆಯ ಮೇಲೆ ಮೊದಲು ಹಿಮ್ಮಡಿಯೂರಿ, ಭಾರವನ್ನು ನಿಧಾನ ಮುಂದಕ್ಕೆ ಬಿಡಬೇಕು. ಒಂದು ಕಾಡುಕುರಿ ಕಂಡಿತು ಎನ್ನಿ. ಒಬ್ಬ ದಿಕ್ಸೂಚಿಯಲ್ಲಿ ಅದರ ದಿಕ್ಕು ನೋಡುತ್ತಾನೆ, ಇನ್ನೊಬ್ಬಳು ರೇಂಜ್ ಫೈಂಡರ್‌ನಿಂದ ದೂರ ಅಳೆಯುತ್ತಾಳೆ. ಪ್ರಾಣಿ ಓಡಿಹೋದರೆ ಈಗ ನಿಂತ ಜಾಗ ಲೆಕ್ಕಕ್ಕಿಲ್ಲ. ಮೊದಲು ಕಣ್ಣಿಗೆ ಬಿದ್ದಾಗ ಎಲ್ಲಿತ್ತೋ ಆ ಮರದ ಬುಡಕ್ಕೆ ಅಳತೆ. ಹೊತ್ತು, ಜಾತಿ, ಗುಂಪಿನಲ್ಲಿ ಎಷ್ಟು, ದೂರ, ಕೋನ ಇಷ್ಟೂ ಅಲ್ಲೇ ನಿಂತು ಪೆನ್ಸಿಲ್ಲಿನಲ್ಲಿ ಬರೆಯಬೇಕು.

ದೂರ ಹೆಚ್ಚಿದಂತೆ ಕಣ್ತಪ್ಪುವ ಪ್ರಾಣಿಗಳೂ ಹೆಚ್ಚು. ಎಷ್ಟು ದೂರದಲ್ಲಿ ಎಷ್ಟು ಕಂಡವು ಎಂಬ ಸಾವಿರಾರು ನಮೂದು ಸೇರಿದಾಗ, ಕಾಣದೆ ಉಳಿದವೆಷ್ಟು ಎಂದು ಗಣಿತ ಹೇಳಬಲ್ಲದು. ಅದಕ್ಕೇ ಅಂದಾಜಿನ ಮೇಲೆ ‘ಸುಮಾರು ನಲವತ್ತು ಮೀಟರ್’ ಎಂದು ಗೀಚುವಂತಿಲ್ಲ. ಎರಡೂವರೆ ಗಂಟೆ ನಡೆದು ಉಣುಗು ಕಚ್ಚಿಸಿಕೊಂಡದ್ದು ಬಿಟ್ಟರೆ ಏನೂ ಕಾಣಲಿಲ್ಲವೆಂದರೆ, ಏನೂ ಕಾಣಲಿಲ್ಲವೆಂದೇ ಬರೆಯಬೇಕು. ಹೊಸಬರಿಗೆ ನುಂಗಲು ಕಷ್ಟವಾಗುವ ಪಾಠ ಇದೇ. ಹುಲಿ ನೋಡುವ ಆಸೆಯಿಂದ ಬಂದವರು ಖಾಲಿ ಹಾಳೆ ಒಪ್ಪಿಸಿ, ಸಂಜೆ ಮತ್ತೆ ಅದೇ ಹಾದಿ ಹಿಡಿಯಬೇಕು.

ಕೇವಲ ಹವ್ಯಾಸಿಗಳ ಲೆಕ್ಕ ವಿಜ್ಞಾನಕ್ಕೆ ಆಗುತ್ತದೆಯೇ ಎಂದು ಮೂಗೆಳೆಯುವವರಿಗೆ ಅಮೆರಿಕದ ಒಂದು ನಿದರ್ಶನವಿದೆ. ಅಲ್ಲಿ ಕ್ರಿಸ್‌ಮಸ್ ದಿನ ಬಂದೂಕು ಹಿಡಿದು ಹಕ್ಕಿ ಹೊಡೆಯುವ ಪಂದ್ಯವಿತ್ತು. 1900ರ ಕ್ರಿಸ್‌ಮಸ್‌ನಂದು ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ, ಹೊಡೆಯುವ ಬದಲು ಎಣಿಸೋಣ ಎಂದು 27 ಜನರನ್ನು ಹೊರಡಿಸಿದ. ಅದು ಈಗಲೂ ಪ್ರತಿವರ್ಷ ನಡೆಯುತ್ತಿದೆ. ಉತ್ತರ ಅಮೆರಿಕದಲ್ಲಿ ಯಾವ ಹಕ್ಕಿ ಕಡಿಮೆಯಾಯಿತು, ಯಾವುದು ನೆಲೆ ಬದಲಿಸಿತು ಎಂದು ತಿಳಿಯಬೇಕಾದವರು ಆ ಪಟ್ಟಿಗಳನ್ನೇ ತೆರೆಯುತ್ತಾರೆ.

ಭದ್ರಾಕ್ಕೆ ಬರೋಣ. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಶುರುವಾಗಿ, 1974ರಲ್ಲಿ ಹಿಗ್ಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದು. ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಬಂದು ನೆಲೆಸಿದವು. ಜಮೀನು, ಮನೆ, ಶಾಲೆ ಕೊಟ್ಟು ಮಾಡಿದ ಈ ಸ್ಥಳಾಂತರವನ್ನು ದೇಶದಲ್ಲಿ ತಕ್ಕಮಟ್ಟಿಗೆ ಸರಿಯಾಗಿ ಆದವುಗಳಲ್ಲಿ ಒಂದೆಂದು ಅಧ್ಯಯನಕಾರರು ಎಣಿಸುತ್ತಾರೆ. ಅರಣ್ಯ ಇಲಾಖೆಯ ಕಡತಕ್ಕೂ ಹಳ್ಳಿಯವರ ಜಗಲಿಗೂ ನಡುವೆ ಓಡಾಡಿದವರಲ್ಲಿ ಚಿಕ್ಕಮಗಳೂರಿನ ಡಿ.ವಿ. ಗಿರೀಶ್ ಮತ್ತವರ ಗೆಳೆಯರಂಥ ಸ್ವಯಂಸೇವಕರಿದ್ದರು. ಕಸ ಹೆಕ್ಕುವುದಕ್ಕಿಂತ ನಿಧಾನದ, ಫೋಟೊಗೆ ಸಿಗದ ಕೆಲಸ ಅದು.

ಕುದುರೆಮುಖದ್ದು ಇನ್ನೂ ದೊಡ್ಡ ಕಥೆ. 1976ರಲ್ಲಿ ಹುಟ್ಟಿದ ಕಬ್ಬಿಣದ ಅದಿರು ಕಂಪನಿಯ ಗಣಿಗುತ್ತಿಗೆ 1999ಕ್ಕೆ ಮುಗಿಯಿತು. ನವೀಕರಣದ ಮಾತು ಎದ್ದಾಗ ವೈಲ್ಡ್‌ಲೈಫ್ ಫಸ್ಟ್ ಬಳಗ ಎದ್ದು ನಿಂತಿತು. ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದವರು ಕೊಡಗಿನ ಕೆ.ಎಂ. ಚಿಣ್ಣಪ್ಪ, ನಾಗರಹೊಳೆಯಲ್ಲಿ ರೇಂಜರ್ ಆಗಿದ್ದು, ಕೆಲಸ ಬಿಟ್ಟ ಮೇಲೆ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ದು ಪಾಠ ಹೇಳುತ್ತಿದ್ದವರು. 2024ರಲ್ಲಿ ತೀರಿಕೊಂಡರು. ಘೋಷಣೆ ಕೂಗಿ ಗೆಲ್ಲುವ ಜಾಗ ಅದಾಗಿರಲಿಲ್ಲ. ನಕ್ಷೆ, ಚಿತ್ರ, ಹೊಳೆಗೆ ಹರಿಯುವ ಹೂಳು, ವರ್ಷಕ್ಕೆ ಸುರಿಯುವ ಮಳೆ ಹೀಗೆ ಪ್ರತಿ ಮಾತಿಗೂ ಕಾಗದ ಬೇಕಿತ್ತು. ಶೇಖರ್ ದತ್ತಾತ್ರಿ ಗಣಿಯ ಮೇಲೊಂದು ಸಾಕ್ಷ್ಯಚಿತ್ರವನ್ನೂ ತೆಗೆದರು. 2002ರ ಅಕ್ಟೋಬರ್ 30ರ ತೀರ್ಪು 2005ರ ಕೊನೆಯವರೆಗಷ್ಟೇ ಗಣಿಗೆ ಅವಕಾಶ ಕೊಟ್ಟಿತು. ಆ ವರ್ಷ ಮುಗಿಯುವುದಕ್ಕೂ ಯಂತ್ರಗಳು ನಿಲ್ಲುವುದಕ್ಕೂ ಸರಿಹೋಯಿತು.

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟ ಉಳಿಯಿತು ಎಂದು ಸಂಭ್ರಮಿಸಿದವರಿದ್ದರು. ಕೆಲಸ ಕಳೆದುಕೊಂಡು ಕುದುರೆಮುಖದ ಕ್ವಾರ್ಟರ್ಸ್ ಬಿಟ್ಟುಹೋದವರೂ ಇದ್ದರು. ‘ಹೊಟ್ಟೆ ತುಂಬಿದವರ ಪರಿಸರ’ ಎಂಬ ಮೂದಲಿಕೆ ಕಳಸ, ಮೂಡಿಗೆರೆ ಕಡೆ ಇವತ್ತಿಗೂ ಕಿವಿಗೆ ಬೀಳುತ್ತದೆ. ಅದರಲ್ಲಿ ಹುರುಳೇ ಇಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. ಸೇವೆ ಎಂದ ಮಾತ್ರಕ್ಕೆ ಎಲ್ಲರೂ ಮೆಚ್ಚಬೇಕೆಂದೇನೂ ಇಲ್ಲ. ಯಾರಿಗೆ ಒಳಿತು, ಯಾರಿಗೆ ನಷ್ಟ ಎಂಬ ಪ್ರಶ್ನೆಯನ್ನು ಸ್ವಯಂಸೇವಕನೂ ಎದುರಿಸಬೇಕು.

ಕಾಡಿಗೆ ಬಿಡುವ ಮೊದಲು ತರಬೇತಿ ಎಂದು ಮೇಲೆ ಹೇಳಿದೆ. ತರಬೇತಿಯ ಮಾತು ಬಂದಾಗ ಕನ್ನಡನಾಡಿನ ಇನ್ನಿಬ್ಬರು ನೆನಪಾಗದಿರರು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟುಹಾಕಿ, ಕವಾಯತು ಕಲಿಸಿ ಕಾರ್ಯಕರ್ತರನ್ನು ತಯಾರು ಮಾಡಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಉಮಾಬಾಯಿ ಕುಂದಾಪುರ ಮಹಿಳಾ ಸ್ವಯಂಸೇವಕಿಯರ ದಳ ನಡೆಸಿದರು. ಮುಂದೆ ಕಾಲೇಜುಗಳಿಗೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಬಂದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯ ಸಂಸದ ವಿ.ಕೆ.ಆರ್.ವಿ. ರಾವ್. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳಿಂದ ಶುರುವಾದ ಯೋಜನೆ ಅದು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಗಂಟೆಯ ಲೆಕ್ಕ ಪಕ್ಕಾ ಇರುತ್ತದೆ. ಆ ಗಂಟೆಗಳಲ್ಲಿ ಊರಿಗೆ ಏನಾಯಿತು ಎಂಬ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ. ದೇವರಮನೆಯಂಥ ಜಾಗದಲ್ಲಿ ಒಂದು ಕಾಲೇಜು ಪ್ರತಿ ತಿಂಗಳು ಅದೇ ನೂರು ಮೀಟರ್ ರಸ್ತೆಯ ಕಸವನ್ನು ವಿಂಗಡಿಸಿ, ತೂಗಿ, ಬರೆದಿಟ್ಟರೆ ಎರಡು ವರ್ಷಕ್ಕೆ ಕೈಗೆ ಬರುವ ಪಟ್ಟಿಯನ್ನು ಯಾವ ಅಧಿಕಾರಿಯೂ ಸುಲಭಕ್ಕೆ ಬದಿಗಿಡಲಾರ. ತಕ್ಕಡಿ ಒಂದು, ನೋಟ್‌ಬುಕ್ಕು ಒಂದು, ಖರ್ಚೂ ಹೆಚ್ಚಿಲ್ಲ.

ಕಾಡಿನ ಲೆಕ್ಕಕ್ಕೆ ಹೋಗುವ ಸ್ವಯಂಸೇವಕನಿಗೇನು ಲಾಭ? ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟರೂ ಉಳಿಯುವುದು ಬೇಕಾದಷ್ಟಿದೆ. ಕಿವಿ ಪಳಗುತ್ತದೆ: ಮುಸುವದ ಕೂಗು ಜಗಳದ್ದೋ ಎಚ್ಚರಿಕೆಯದೋ ತಿಳಿಯುತ್ತದೆ. ಕಾಣದ್ದನ್ನು ಕಂಡೆ ಎನ್ನದ ಅಭ್ಯಾಸ ಬೀಳುತ್ತದೆ. ಎಸ್ಟೇಟ್ ಮಾಲೀಕನ ಮಗ, ಅಂಗಡಿಯ ಗುಮಾಸ್ತ, ಐಟಿ ಕಂಪನಿಯ ಹುಡುಗಿ ಒಂದೇ ಶಿಬಿರದಲ್ಲಿ ಒಂದೇ ಪಾತ್ರೆಯ ಅನ್ನ-ಸಾರು ಉಣ್ಣುವ ಸಂದರ್ಭ ಈ ಸೀಮೆಯಲ್ಲಿ ಬೇರೆ ಎಲ್ಲಿ ಒದಗುತ್ತದೆ? ಅಂಥ ಶಿಬಿರಗಳಿಂದ ಬಂದು ಇದನ್ನೇ ವೃತ್ತಿ ಮಾಡಿಕೊಂಡವರೂ ಉಂಟು.

ಇನ್ನು, ಈ ಶಿಬಿರಗಳಲ್ಲಿ ಕಾಣದವರ ವಿಷಯ. ತೋಟದ ಲೈನ್ ಮನೆಗಳಲ್ಲಿರುವ ಕೂಲಿಕಾರರಿಗೆ ವಾರಕ್ಕೊಂದೇ ರಜೆ. ಸಂತೆ, ಬಟ್ಟೆ ಒಗೆತ, ಸೌದೆ ಅದರಲ್ಲೇ ಮುಗಿಯಬೇಕು. ಐದು ದಿನ ಬಿಡುವು ಮಾಡಿಕೊಂಡು ಕಾಡು ಸುತ್ತುವುದು ಸಂಬಳ ಕಡಿತವಾಗದವರಿಗೆ ಮಾತ್ರ ಸಾಧ್ಯ. ದಿನಗೂಲಿಯ ಅರಣ್ಯ ವಾಚರ್‌ಗಳದೂ ಹೆಚ್ಚುಕಡಿಮೆ ಇದೇ ಪಾಡು. ಫೆಬ್ರುವರಿಯಲ್ಲಿ ಹುಲ್ಲುಗುಡ್ಡ ಒಣಗಿದ ಮೇಲೆ ಬೆಂಕಿರೇಖೆ ಸವರುವವರು ಅವರು, ಕಿಚ್ಚು ಬಿದ್ದಾಗ ಹಸಿ ಸೊಪ್ಪು ಹಿಡಿದು ಬಡಿಯುವವರೂ ಅವರೇ. ಟ್ರಾನ್ಸೆಕ್ಟ್ ನಡೆಯುವ ಪೇಟೆಯವರಿಗೆ ಇಲ್ಲಿ ಕಾಟಿ ಮಲಗಿತ್ತು, ಇದು ಕಡವೆ ಕೊಂಬು ತಿಕ್ಕಿದ ಮರ ಎಂದು ತೋರಿಸಿಕೊಡುವವರೂ ಎಷ್ಟೋ ಸಲ ಇವರೇ. ಕಂಡದ್ದನ್ನು ತುಂಬುವ ನಮೂನೆಯಲ್ಲಿ ನೋಡಿದವರ ಹೆಸರು ಬರೆಯಲು ಒಂದು ಕಲಮು ಇರುತ್ತದೆ. ಅಲ್ಲಿ ಸ್ವಯಂಸೇವಕರ ಹೆಸರಿನ ಜೊತೆ ವಾಚರ್ ಹೆಸರನ್ನೂ ಬರೆಯಲು ಯಾವ ಅನುಮತಿಯೂ ಬೇಕಿಲ್ಲ.