ಬಯಲುಸೀಮೆಯ ಕುಂಡದಲ್ಲಿ ಪ್ಯಾನ್ಸಿ

ಗಣರಾಜ್ಯೋತ್ಸವದ ನಿಮಿತ್ತವಾಗಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಏರ್ಪಡುವ ಫಲಪುಷ್ಪ ಪ್ರದರ್ಶನವನ್ನು ನೋಡಿ ಹಿಂದಿರುಗುವ ಬೆಂಗಳೂರಿಗರಲ್ಲಿ ಎಷ್ಟೋ ಮಂದಿ, ಅಲ್ಲಿಯ ಭವ್ಯವಾದ ಪುಷ್ಪರಚನೆಗಳನ್ನು ಮರೆತರೂ, ಗೇಣೆತ್ತರವನ್ನು ಮೀರದ ಗಿಡದಲ್ಲಿ ತನ್ನ ಗಾತ್ರಕ್ಕೆ ಮಿಗಿಲಾಗಿ ಅರಳಿ, ನಡುವಣ ಕಪ್ಪು ಮಚ್ಚೆಯಿಂದ ನೋಡುವವರನ್ನೇ ತಿರುಗಿ ನೋಡುವಂತೆ ತೋರುವ ಪ್ಯಾನ್ಸಿಯನ್ನು ಮರೆಯಲಾರರು. ಅವರು ದಾರಿಯ ನರ್ಸರಿಯೊಂದರಿಂದ ನಾಲ್ಕು ಗಿಡಗಳನ್ನು ಕೊಂಡು ತಂದು ತಾರಸಿಯ ಮೇಲಿಡುತ್ತಾರೆ. ಶಿವರಾತ್ರಿ ಕಳೆದು ಬಿಸಿಲೇರುತ್ತಲೇ ಅವು ಸೊರಗುವುದನ್ನು ಕಂಡು, ಇದು ನಮ್ಮ ಹವೆಗೆ ಒಗ್ಗುವ ಗಿಡವಲ್ಲವೆಂದು ಕೈಬಿಡುತ್ತಾರೆ. ಆ ತೀರ್ಪು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಬಯಲುಸೀಮೆಯಲ್ಲಿ ಪ್ಯಾನ್ಸಿಯ ಬಾಳು ತೊಡಗಬೇಕಾದದ್ದು ಜನವರಿಗಿಂತ ಬಹಳ ಮುಂಚೆ.

ಇದರ ಕುಲಮೂಲ ಯೂರೋಪಿನ ಬಯಲುಗಳಲ್ಲಿ ತಾನಾಗಿ ಬೆಳೆಯುವ ವಯೋಲಾ ಕುಲದ ಕಿರುಗಿಡಗಳು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಐವರ್ ಎಂಬಲ್ಲಿ ಲಾರ್ಡ್ ಗ್ಯಾಂಬಿಯರ್ ಅವರ ತೋಟವನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಥಾಂಪ್ಸನ್, ಈ ಕಾಡುಹೂಗಳನ್ನು ಅವುಗಳ ಬಂಧುಗಳೊಡನೆ ಸಂಕರಗೊಳಿಸುತ್ತ, ವರ್ಷ ವರ್ಷವೂ ಮೇಲಾದುದನ್ನು ಆರಿಸಿಕೊಳ್ಳುತ್ತ ಬಂದನು. ಕಾಡುಹೂವಿನ ಎಸಳುಗಳ ಮೇಲೆ ಮಕರಂದದ ತಾಣಕ್ಕೆ ಕೀಟಗಳಿಗೆ ದಾರಿ ತೋರುವ ಕಪ್ಪು ಗೆರೆಗಳಿರುತ್ತವೆ. ಆ ಗೆರೆಗಳೆಲ್ಲ ಒಂದಾಗಿ ಕೂಡಿ ಮಚ್ಚೆಯಾದ ಮೆಡೋರಾ ಎಂಬ ತಳಿಯನ್ನು ಅವನು 1839ರಲ್ಲಿ ಹೊರತಂದನು. ಇಂದು ನಾವು ಪ್ಯಾನ್ಸಿಯ ಮುಖವೆಂದು ಕರೆಯುವುದು ಈ ಮಚ್ಚೆಯನ್ನೇ. ರೂಪವು ಹೀಗೆ ಮಾರ್ಪಟ್ಟರೂ ಸ್ವಭಾವವು ಮಾರ್ಪಡಲಿಲ್ಲ: ಹಿಮ ಬಿದ್ದ ರಾತ್ರಿ ಬಾಡಿ ಒರಗಿದ್ದರೂ ಹಗಲೇರಿದ ಮೇಲೆ ಮತ್ತೆ ತಲೆಯೆತ್ತಬಲ್ಲ ಈ ಗಿಡಕ್ಕೆ, ನಮ್ಮ ಏಪ್ರಿಲ್ ತಿಂಗಳ 34 ಡಿಗ್ರಿಯ ತಾಪ ಮಾತ್ರ ಸಹಿಸಲಸಾಧ್ಯ.

ಆದುದರಿಂದ ಬೀಜದ ಪೊಟ್ಟಣದ ಮೇಲೆ ಶೀತದೇಶಗಳಿಗೆಂದು ಅಚ್ಚುಹಾಕಿರುವ ತಿಂಗಳುಗಳನ್ನು ಬದಿಗಿರಿಸಿ ನಮ್ಮ ಹಬ್ಬಗಳ ಲೆಕ್ಕವನ್ನು ಹಿಡಿಯುವುದೇ ಲೇಸು. ಗಣೇಶನ ಹಬ್ಬ ಕಳೆದು ಮಹಾನವಮಿ ಸಮೀಪಿಸುವ ಹೊತ್ತಿಗೆ ಬಿತ್ತಿದರೆ, ಬಿತ್ತನೆಯಿಂದ ಹೂವಿಗೆ ಸುಮಾರು ಮೂರು ತಿಂಗಳು ಬೇಕಾಗುವುದರಿಂದ, ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗಿಳಿಯುವ ಧನುರ್ಮಾಸದಲ್ಲಿ ಗಿಡ ಮೊಗ್ಗೊಡೆಯುತ್ತದೆ. ಬೀಜ ಮೊಳೆಯಲು ತಂಪು ಬೇಕು, ಕತ್ತಲೆಯೂ ಬೇಕು. 18ರಿಂದ 20 ಡಿಗ್ರಿಯಲ್ಲಿ ಹತ್ತು ಹದಿನೈದು ದಿನಗಳೊಳಗೆ ಮೊಳೆಯುವ ಬೀಜ ಸೆಕೆಯ ತಾವಿನಲ್ಲಿ ಬಹುಪಾಲು ಮೊಳೆಯುವುದೇ ಇಲ್ಲ. ಅಗಲವಾದ ತಟ್ಟೆಯಲ್ಲಿ ಜರಡಿ ಹಿಡಿದ ಎಲೆಗೊಬ್ಬರವನ್ನೂ ಮರಳನ್ನೂ ಹರಡಿ, ಬೀಜವನ್ನು ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ, ಒದ್ದೆ ಗೋಣಿಯ ತುಂಡನ್ನು ಹೊದಿಸಿ, ಮನೆಯೊಳಗೆ ಅತ್ಯಂತ ತಂಪಾದ ಮೂಲೆಯ ನೆಲದ ಮೇಲೆ ಇಡಬೇಕು. ಮೊದಲ ಮೊಳಕೆ ತಲೆದೋರಿದ ಗಳಿಗೆಯಲ್ಲೇ ಗೋಣಿಯನ್ನು ತೆಗೆದು ಬೆಳಕಿಗೆ ತರಬೇಕು. ಆ ದಿನ ಉದಾಸೀನ ಮಾಡಿದರೆ ಸಸಿಗಳು ಬಿಳಿಚಿಕೊಂಡು ಉದ್ದವಾಗಿ ಬೆಳೆದು, ಬುಡ ಕೊಳೆತು ಬೀಳುತ್ತವೆ. ನಾಲ್ಕೈದು ಎಲೆಗಳಾದಾಗ, ಎಂದರೆ ದೀಪಾವಳಿಯ ಬಳಿಕ, ಕುಂಡಕ್ಕೆ ನಾಟಿಮಾಡಬಹುದು.

ಕುಂಡವೆಂದರೆ ಸುಟ್ಟ ಮಣ್ಣಿನ ಕುಂಡ. ಪ್ಲಾಸ್ಟಿಕ್ಕಿನದನ್ನು ನಾನು ಮೆಚ್ಚಲಾರೆ. ಬೇಸಗೆಯಲ್ಲಿ ಮಡಕೆಯ ನೀರನ್ನು ತಣ್ಣಗಿಡುವ ಆವಿಯ ಕ್ರಿಯೆಯೇ ಕುಂಡದ ಗೋಡೆಯಲ್ಲಿಯೂ ನಡೆದು ಬೇರುಗಳನ್ನು ತಂಪಾಗಿರಿಸುತ್ತದೆ. ಬಿಸಿಲನ್ನು ಅನುಸರಿಸಿ ಗಿಡದ ಸ್ಥಳವನ್ನು ಬದಲಿಸಲು ಕುಂಡದಲ್ಲಲ್ಲದೆ ನೆಲದ ಪಾತಿಯಲ್ಲಿ ಸಾಧ್ಯವೆ? ಆರು ಅಂಗುಲದ ಕುಂಡಕ್ಕೆ ಒಂದು ಸಸಿ, ಹತ್ತು ಅಂಗುಲದ್ದಕ್ಕೆ ಮೂರು ಸಾಕು. ತಳದ ರಂಧ್ರದ ಮೇಲೆ ಹೆಂಚಿನ ಚೂರನ್ನಿಟ್ಟು, ಕೆಮ್ಮಣ್ಣು, ಎಲೆಗೊಬ್ಬರ, ಮರಳುಗಳನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರಸಿ ತುಂಬಬೇಕು.

ನಮ್ಮ ಊರುಗಳಲ್ಲಿ ಈ ಗಿಡಕ್ಕೆ ಬಿಸಿಲಿನಷ್ಟೇ ದೊಡ್ಡ ಶತ್ರು ಕೊಳವೆಬಾವಿಯ ನೀರು. ಬಹಳ ಜನ ಇದನ್ನು ಗಮನಿಸುವುದಿಲ್ಲ. ಪ್ಯಾನ್ಸಿ ಕೊಂಚ ಆಮ್ಲಗುಣದ ಮಣ್ಣನ್ನು ಬಯಸುವ ಸಸ್ಯ. ಪಿಎಚ್ ಮಾನದಲ್ಲಿ ಹೇಳುವುದಾದರೆ 5.5ರಿಂದ 6ರವರೆಗಿನ ಮಣ್ಣು ಅದಕ್ಕೆ ಹಿತ. ಸುಣ್ಣದ ಅಂಶ ತುಂಬಿದ ಗಡಸು ನೀರನ್ನು ತಿಂಗಳುಗಟ್ಟಲೆ ಎರೆಯುತ್ತ ಹೋದಂತೆ ಮಣ್ಣು ಕ್ಷಾರವಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದೆ, ಎಳೆಯ ಎಲೆಗಳು ನರಗಳಷ್ಟೇ ಹಸಿರಾಗುಳಿದು ಹಳದಿಗೆ ತಿರುಗುತ್ತವೆ. ಬೋರಾನ್ ಕೊರತೆಯಿಂದ ಕುಡಿ ಮುರುಟುತ್ತದೆ. ಬೇರು ಕಪ್ಪಾಗಿ ಕೊಳೆಯುವ ಶಿಲೀಂಧ್ರರೋಗಕ್ಕೂ ದಾರಿಯಾಗುತ್ತದೆ. ಹಳದಿಯನ್ನು ಹಸಿವೆಂದೆಣಿಸಿ ಮತ್ತಷ್ಟು ಗೊಬ್ಬರ ಸುರಿಯುವವರೇ ಹೆಚ್ಚು. ಹಿಂಗಾರಿನ ಮಳೆನೀರನ್ನು ಹಂಡೆಯಲ್ಲೋ ಡ್ರಮ್ಮಿನಲ್ಲೋ ಶೇಖರಿಸಿಟ್ಟು ಎರೆಯುವುದು, ಎಲೆಗೊಬ್ಬರವನ್ನು ಧಾರಾಳವಾಗಿ ಬಳಸುವುದು, ಒಲೆಯ ಬೂದಿಯನ್ನು ಕುಂಡದ ಹತ್ತಿರಕ್ಕೂ ತಾರದಿರುವುದು, ಇವು ನಾನು ನಂಬುವ ಉಪಾಯಗಳು. ಹದಿನೈದು ದಿನಗಳಿಗೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ಬಹಳ ತೆಳುವಾಗಿಸಿ ಕೊಟ್ಟರೆ ಪೋಷಣೆಗೆ ಸಾಕು.

ಹೂ ಬಿಡತೊಡಗಿದ ಮೇಲೆ ದಿನಕ್ಕೊಮ್ಮೆ ಬಾಡಿದ ಹೂಗಳನ್ನು ತೊಟ್ಟಿನ ಬುಡದಲ್ಲೇ ಚಿವುಟುವ ಕೆಲಸವೊಂದನ್ನು ಬಿಡುವಂತಿಲ್ಲ. ಬಿಟ್ಟರೆ ಪುಟ್ಟ ಕಾಯಿ ಬಲಿತು, ಮೂರು ಹೋಳಾಗಿ ಬಿರಿದು, ಬೀಜವನ್ನು ದೂರಕ್ಕೆ ಚಿಮ್ಮಿಸುತ್ತದೆ. ಅಷ್ಟಾದರೆ ಗಿಡದ ಪಾಲಿಗೆ ಬಾಳಿನ ಕಾರ್ಯ ಮುಗಿದಂತೆ, ಹೊಸ ಮೊಗ್ಗು ಕ್ರಮೇಣ ನಿಂತುಹೋಗುತ್ತದೆ. ರಾತ್ರಿ ಬಸವನಹುಳುವೂ ಎಳೆಯ ಕುಡಿಗೆ ಸಸ್ಯಹೇನೂ ಮುತ್ತುವುದುಂಟು. ಮೊದಲನೆಯದನ್ನು ಕೈಯಿಂದ ಆರಿಸಿ, ಎರಡನೆಯದಕ್ಕೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಬೇಕು.

ಸಂಕ್ರಾಂತಿಯವರೆಗೆ ಇಡೀ ದಿನದ ಬಿಸಿಲಿನಲ್ಲಿ ಸುಖವಾಗಿರುವ ಕುಂಡಗಳನ್ನು ಫೆಬ್ರವರಿಯಲ್ಲಿ ಪೂರ್ವದಿಕ್ಕಿನ ಜಗುಲಿಗೆ ಸಾಗಿಸಿ, ಬೆಳಗಿನ ಎಳೆಬಿಸಿಲಷ್ಟೇ ತಾಕುವಂತೆ ಮಾಡಿದರೆ, ಹೂಗಳು ಕಿರಿದಾದರೂ ಯುಗಾದಿಯ ಹತ್ತಿರದವರೆಗೆ ಬರುತ್ತವೆ. ಮಡಿಕೇರಿಯಂಥ ತಂಪಿನ ಊರಿನವರಿಗೆ ಈ ಅವಧಿ ಇನ್ನೂ ದೀರ್ಘ. ಉದಕಮಂಡಲದಲ್ಲಿಯಂತೂ ಮೇ ತಿಂಗಳ ಪುಷ್ಪಪ್ರದರ್ಶನದಲ್ಲಿಯೂ ಪ್ಯಾನ್ಸಿಗೆ ಸ್ಥಾನವಿದೆ. ಬಯಲುಸೀಮೆಯ ನಾವು ಚೈತ್ರದಲ್ಲಿ ಗಿಡವನ್ನು ಕಿತ್ತು ಗೊಬ್ಬರದ ಗುಂಡಿಗೆ ಸೇರಿಸಿಬಿಡುವುದು ಒಳಿತು. ಸಂಕರ ತಳಿಯ ಬೀಜವನ್ನು ಕೂಡಿಟ್ಟರೆ ತಾಯಿಯ ಬಣ್ಣ ಮರಳಿ ಬಾರದಾದ್ದರಿಂದ ವರ್ಷವೂ ಹೊಸ ಬೀಜವನ್ನೇ ಕೊಳ್ಳಬೇಕು. ಬೇರುಕೊಳೆಯ ಶಿಲೀಂಧ್ರ ಮಣ್ಣಿನಲ್ಲಿ ಉಳಿದಿರಬಹುದಾದ್ದರಿಂದ, ಆ ಮಣ್ಣನ್ನು ಮುಂದಿನ ಪ್ಯಾನ್ಸಿಗೆ ಬಳಸದೆ, ಬೇಸಗೆಯ ಬಿಸಿಲಿನಲ್ಲಿ ಹರಡಿ ಒಣಗಿಸಿ, ತಾಪವನ್ನೇ ಬಯಸುವ ಟೇಬಲ್ ರೋಸಿಗೋ ಜಿನಿಯಾಕ್ಕೋ ಕೊಡಬಹುದು.