ಬ್ರೆಸ್ಟ್ ಇಂಪ್ಲಾಂಟ್: ಕ್ಲಿನಿಕ್ ಹೇಳೋ ರೇಟು ಮೊದಲ ಕಂತು ಮಾತ್ರ

ಉಳಿತಾಯ, ಸಾಲ, ಇನ್ಶೂರೆನ್ಸ್ ಅಂತ ಮಾತಾಡೋ ಈ ಪಾಡ್‌ಕಾಸ್ಟ್‌ನಲ್ಲಿ ಇವತ್ತು ಸರ್ಜರಿ ವಿಷಯ ಯಾಕೆ ಬಂತು ಅಂತ ನಿಮಗನಿಸಬಹುದು. ಕಾರಣ ಇದೆ. ಸ್ತನದ ಗಾತ್ರ ಹೆಚ್ಚಿಸೋ ಸರ್ಜರಿಯನ್ನ ಈಗ ಮೊಬೈಲ್ ಮಾರೋ ಥರಾನೇ ಮಾರ್ತಿದ್ದಾರೆ. ಹಬ್ಬದ ಆಫರ್, ಬಡ್ಡಿ ಇಲ್ಲದ ಇಎಂಐ, ಬೆಳಗ್ಗೆ ಬಂದು ಸಂಜೆ ಮನೆಗೆ.

ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವಳು. ಇದನ್ನ ಮಾಡಿಸ್ಕೊಳ್ಳೋದು ಸರಿಯೋ ತಪ್ಪೋ ಅಂತ ತೀರ್ಪು ಕೊಡೋಕೂ ಬಂದಿಲ್ಲ. ದೇಹ ನಿಮ್ಮದು, ನಿರ್ಧಾರವೂ ನಿಮ್ಮದೇ. ಆದರೆ ಲೆಕ್ಕ ಪೂರ್ತಿ ಗೊತ್ತಿರಬೇಕು. ಒಂದೇ ಮಾತಲ್ಲಿ ಹೇಳೋದಾದ್ರೆ, ಇದು ಒಂದು ಸಲ ದುಡ್ಡು ಕಟ್ಟಿ ಮರೆತುಬಿಡೋ ಖರ್ಚಲ್ಲ.

ಒಳಗೆ ಏನು ಹಾಕ್ತಾರೆ?

ಇಂಪ್ಲಾಂಟ್ ಅಂದ್ರೆ ಸಿಲಿಕೋನ್‌ನಿಂದ ಮಾಡಿದ ಒಂದು ಚೀಲ. ಅದರೊಳಗೆ ಉಪ್ಪುನೀರು, ಅಂದ್ರೆ ಸಲೈನ್ ಇರುತ್ತೆ, ಇಲ್ಲವೇ ಸಿಲಿಕೋನ್ ಜೆಲ್ ಇರುತ್ತೆ. ಸ್ತನದ ಕೆಳಗಿನ ಮಡಿಕೆಯಲ್ಲೋ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲೋ, ಕಂಕುಳಲ್ಲೋ ಕೊಯ್ದು, ಎದೆಯ ಸ್ನಾಯುವಿನ ಮೇಲೆ ಅಥವಾ ಕೆಳಗೆ ಅದನ್ನ ಕೂರಿಸ್ತಾರೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡ್ತಾರೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ರು. ಅಂದ್ರೆ ಇದು ಹೊಸ ಪ್ರಯೋಗವೇನಲ್ಲ. ಹಾಗಂತ ಅಪಾಯವೇ ಇಲ್ಲ ಅಂತಲೂ ಅಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಾತ್ರ ಹೆಚ್ಚಿಸೋಕೆ ಅಂತಲೇ ಹಾಕಿಸ್ಕೊಳ್ಳೋರಿಗೆ ಸಲೈನ್ ಆದ್ರೆ ಕನಿಷ್ಠ 18, ಸಿಲಿಕೋನ್ ಜೆಲ್ ಆದ್ರೆ ಕನಿಷ್ಠ 22 ವರ್ಷ ಅಂತ ಮಿತಿ ಇಟ್ಟಿದೆ. ಹದಿಹರೆಯ ಮುಗಿಯೋವರೆಗೂ, ಕೆಲವರಲ್ಲಿ ಅದರ ನಂತರವೂ ಸ್ತನ ಬೆಳೀತಾನೇ ಇರುತ್ತೆ ಅನ್ನೋದು ಇದಕ್ಕೊಂದು ಕಾರಣ. ಒಂದು ಬದಿ ಸ್ವಲ್ಪ ದೊಡ್ಡದು, ಇನ್ನೊಂದು ಚಿಕ್ಕದು ಇರೋದು ತುಂಬಾ ಸಹಜ. ಅದು ಕಾಯಿಲೆ ಅಲ್ಲ.

ಇದಕ್ಕೂ ಆಯಸ್ಸಿದೆ

ಇಂಪ್ಲಾಂಟ್ ಜೀವನಪೂರ್ತಿ ಬಾಳಿಕೆ ಬರೋ ವಸ್ತು ಅಲ್ಲ ಅಂತ ಎಫ್‌ಡಿಎ ನೇರವಾಗೇ ಹೇಳುತ್ತೆ. ಗಾತ್ರ ಹೆಚ್ಚಿಸೋಕೆ ಹಾಕಿಸ್ಕೊಂಡ ಐವರಲ್ಲಿ ಒಬ್ಬರಷ್ಟು ಮಂದಿ 8ರಿಂದ 10 ವರ್ಷದೊಳಗೆ ಅದನ್ನ ತೆಗೆಸಬೇಕಾಗಿ ಬರಬಹುದು ಅಂತ 2011ರಲ್ಲಿ ಅದು ತಿಳಿಸಿತ್ತು. 24ರಲ್ಲಿ ಹಾಕಿಸ್ಕೊಂಡವರು ಇನ್ನೂ ಐವತ್ತು ವರ್ಷದ ಲೆಕ್ಕ ಇಟ್ಕೊಬೇಕು. ಎರಡನೇ ಸರ್ಜರಿಗೆ ಇವತ್ತಿನ ಆಫರ್ ಇರಲ್ಲ.

ತೆಗೆಸಬೇಕಾಗಿ ಬರೋದು ಯಾಕೆ? ಹೊರಗಿನ ವಸ್ತು ಒಳಗೆ ಬಂದಾಗ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತೆ. ಕೆಲವರಲ್ಲಿ ಆ ಪೊರೆ ಬಿಗಿಯಾಗಿ, ಸ್ತನ ಗಟ್ಟಿಯಾಗಿ ನೋವು ಶುರುವಾಗುತ್ತೆ. ಇನ್ನು ಕೆಲವರಿಗೆ ಇಂಪ್ಲಾಂಟ್ ಜಾಗ ಬಿಟ್ಟು ಸರಿಯುತ್ತೆ, ಇಲ್ಲವೇ ಒಡೆಯುತ್ತೆ. ಸಲೈನ್ ಒಡೆದ್ರೆ ಸ್ತನ ಕುಗ್ಗುತ್ತೆ, ಕಣ್ಣಿಗೇ ಕಾಣುತ್ತೆ. ಜೆಲ್ ಒಡೆದ್ರೆ ಹೊರಗೆ ಏನೂ ಗೊತ್ತಾಗದೇ ಇರಬಹುದು. ಅದಕ್ಕೇ ಜೆಲ್ ಹಾಕಿಸ್ಕೊಂಡವರು 5–6 ವರ್ಷ ಆದಮೇಲೆ ಒಮ್ಮೆ, ಆಮೇಲೆ 2–3 ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕು ಅನ್ನೋದು ಎಫ್‌ಡಿಎ ಸಲಹೆ. ಆ ಸ್ಕ್ಯಾನ್ ಖರ್ಚು ಯಾವ ಜಾಹೀರಾತಲ್ಲೂ ಕಾಣಲ್ಲ.

ಸೋಂಕು, ರಕ್ತಸ್ರಾವ, ತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗೋದು, ಮುಂದೆ ಎದೆಹಾಲು ಕುಡಿಸೋಕೆ ತೊಂದರೆಯಾಗೋದು, ಇವೂ ಪಟ್ಟಿಯಲ್ಲಿವೆ. ಮ್ಯಾಮೋಗ್ರಾಮ್‌ನಲ್ಲಿ ಇಂಪ್ಲಾಂಟ್ ಕೆಲವು ಭಾಗ ಮರೆಮಾಡುತ್ತೆ, ಹಾಗಾಗಿ ಪರೀಕ್ಷೆಗೆ ಹೋದಾಗ ಮೊದಲೇ ಹೇಳಬೇಕು. ಬೇಡ ಅಂತ ತೆಗೆಸಿದ್ರೂ ಚರ್ಮ ಜೋತುಬೀಳಬಹುದು. ಮೊದಲಿನ ಹಾಗೇ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಬ್ರ್ಯಾಂಡ್ ಹೆಸರು ಯಾಕೆ ಕೇಳಬೇಕು?

ಎರಡು ಘಟನೆ ಹೇಳ್ತೀನಿ. ಫ್ರಾನ್ಸ್‌ನ ಪಿಐಪಿ ಅನ್ನೋ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರ್ತಿದ್ದದ್ದು 2010ರಲ್ಲಿ ಬಯಲಾಯ್ತು. ಅಷ್ಟರಲ್ಲಿ ಅದರ ಇಂಪ್ಲಾಂಟ್‌ಗಳು ಹಲವು ದೇಶಗಳಿಗೆ ಹೋಗಿದ್ವು. ಕಂಪನಿ ಸ್ಥಾಪಕನಿಗೆ 2013ರಲ್ಲಿ ಜೈಲು ಶಿಕ್ಷೆ ಆಯ್ತು.

ಎರಡನೆಯದು 2019ರದ್ದು. ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನೋ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನ ಜಗತ್ತಿನಾದ್ಯಂತ ವಾಪಸ್ ತಗೊಳ್ತು. ಇಂಪ್ಲಾಂಟ್ ಸುತ್ತ ಬೆಳೆಯೋ ಒಂದು ಅಪರೂಪದ ಲಿಂಫೋಮಾ ಜೊತೆ ಅವಕ್ಕೆ ನಂಟಿತ್ತು. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ವ್ಯವಸ್ಥೆಯ ಕ್ಯಾನ್ಸರ್. ಸರ್ಜರಿ ಆಗಿ ಎಷ್ಟೋ ವರ್ಷದ ಮೇಲೆ ಒಂದು ಕಡೆ ಊತ, ಗಂಟು ಅಥವಾ ನೀರು ತುಂಬಿದ ಹಾಗೆ ಕಾಣಿಸ್ಕೊಂಡ್ರೆ ತಡಮಾಡದೆ ತೋರಿಸ್ಬೇಕು. ಸುಸ್ತು, ಕೀಲುನೋವು, ಮರೆವು ಅಂತ ಹೇಳೋ ಮಹಿಳೆಯರೂ ಇದ್ದಾರೆ. ಈ ಲಕ್ಷಣಗಳ ಬಗ್ಗೆಯೂ ರೋಗಿಗೆ ಮೊದಲೇ ತಿಳಿಸಬೇಕು ಅಂತ ಎಫ್‌ಡಿಎ 2021ರಲ್ಲಿ ಕಡ್ಡಾಯ ಮಾಡಿತು.

ಇಂಥ ಸುದ್ದಿ ಬಂದ ದಿನ "ನಂದು ಯಾವುದು?" ಅನ್ನೋ ಪ್ರಶ್ನೆಗೆ ಉತ್ತರ ಇರೋದು ಇಂಪ್ಲಾಂಟ್ ಕಾರ್ಡ್‌ನಲ್ಲಿ. ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರೋ ಆ ಕಾರ್ಡನ್ನ ಕೇಳಿ ಇಸ್ಕೊಳ್ಳಿ. ಫೋಟೊ ತೆಗೆದಿಟ್ಕೊಳ್ಳಿ. ಕೊಡಲ್ಲ ಅಂದ್ರೆ ಅಲ್ಲಿ ಮಾಡಿಸ್ಕೋಬೇಡಿ.

ದುಡ್ಡಿನ ಮಾತು

ಈಗ ನನ್ನ ಏರಿಯಾ. ಸೌಂದರ್ಯಕ್ಕಾಗಿ ಮಾಡಿಸ್ಕೊಳ್ಳೋ ಸರ್ಜರಿ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಬರಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಮಾಡೋ ಮರುನಿರ್ಮಾಣಕ್ಕೆ ವಿನಾಯಿತಿ ಇದೆ. ಹಾಗಾಗಿ ಕ್ಯಾನ್ಸರ್‌ನಿಂದ ಸ್ತನ ತೆಗೆಸಿದವರು ಕ್ಲೇಮ್ ಕೇಳದೇ ಬಿಡಬೇಡಿ. ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ, ಆದರೆ ಕಾಸ್ಮೆಟಿಕ್ ಸರ್ಜರಿಗೆ ಆ ವಿನಾಯಿತಿ ಸಿಗಲ್ಲ. ಕ್ಲಿನಿಕ್ ಹೇಳಿದ ರೇಟಲ್ಲಿ ತೆರಿಗೆ, ಅರಿವಳಿಕೆ ಡಾಕ್ಟರ್ ಫೀಸು, ಇಂಪ್ಲಾಂಟ್ ಬೆಲೆ, ಆಮೇಲಿನ ವಿಸಿಟ್‌ಗಳು ಸೇರಿವೆಯಾ ಅಂತ ಬರವಣಿಗೆಯಲ್ಲಿ ಕೇಳಿ. ತೊಂದರೆಯಾದ್ರೆ ಮತ್ತೆ ಸರ್ಜರಿ ಯಾರ ಖರ್ಚಲ್ಲಿ ಅಂತಾನೂ ಕೇಳಿ. ಇಎಂಐ ಇದ್ರೆ ನೆನಪಿಡಿ: ಇಂಪ್ಲಾಂಟ್ ತೆಗೆಸಿದ ಮಾತ್ರಕ್ಕೆ ಸಾಲ ಮನ್ನಾ ಆಗಲ್ಲ.

ಯಾರ ಹತ್ರ, ಎಲ್ಲಿ?

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಯೋ ಸರ್ಜರಿಗೆ ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅದು ಬೇರೆ ಸರ್ಜರಿ, ಆದರೆ ಅದು ಎತ್ತಿದ ಪ್ರಶ್ನೆಗಳು ಇಲ್ಲೂ ಅನ್ವಯಿಸುತ್ತವೆ. ಅರಿವಳಿಕೆ ತಜ್ಞರು ಕೊನೆವರೆಗೂ ಇರ್ತಾರಾ? ಐಸಿಯು ಅಲ್ಲೇ ಇದೆಯಾ, ಇಲ್ಲದಿದ್ರೆ ಎಷ್ಟು ದೂರ?

ಸರ್ಜನ್ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯಾ ನೋಡಿ. ಕಾಸ್ಮೆಟಾಲಜಿ ಕೋರ್ಸ್ ಸರ್ಟಿಫಿಕೇಟ್ ಅದಕ್ಕೆ ಸಮ ಅಲ್ಲ. ಅವರ ನೋಂದಣಿಯನ್ನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ರಾಜ್ಯದ ಪ್ರತಿ ಖಾಸಗಿ ಕ್ಲಿನಿಕ್‌ಗೂ ಕೆಪಿಎಂಇ ಕಾಯ್ದೆ ಪ್ರಕಾರ ನೋಂದಣಿ ಇರಲೇಬೇಕು, ಆ ನಂಬರ್ ಕೇಳಿ.

ಒಪ್ಪಿಗೆ ಪತ್ರಕ್ಕೆ ಸುಮ್ಮನೆ ಸೈನ್ ಹಾಕಬೇಡಿ. ಅಪಾಯ ಏನು, ಬೇರೆ ದಾರಿ ಏನು ಅಂತ ಸಾಕಷ್ಟು ತಿಳಿಸಿ ಪಡೆದದ್ದು ಮಾತ್ರ ನಿಜವಾದ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಒಂದು ಸರ್ಜರಿಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯಲ್ಲ.

ಒಂದು ಮೆಸೇಜ್

ಕೇಳುಗರೊಬ್ಬರು ಬರೆದಿದ್ರು: "ಅಕ್ಕ, ಮದುವೆಗೆ ನಾಲ್ಕು ತಿಂಗಳಿದೆ. ಮನೇಲಿ ಹೇಳ್ದೆ ಮಾಡಿಸ್ಕೋಬಹುದಾ?"

ನಿಮಗೆ 18 ತುಂಬಿದ್ರೆ ಒಪ್ಪಿಗೆ ನಿಮ್ಮದೇ ಸಾಕು. ಆದರೆ ಅರಿವಳಿಕೆ ಇಳಿದ ರಾತ್ರಿ ಒಬ್ಬರು ಜೊತೆಗಿರಲೇಬೇಕು. ಕೆಲಸಕ್ಕೆ ಸುಮಾರು ಒಂದು ವಾರ ರಜೆ ಬೇಕು, ಭಾರ ಎತ್ತೋದು ಹಲವು ವಾರ ಬೇಡ. ಊತ ಇಳಿದು ಆಕಾರ ನಿಲ್ಲೋಕೆ ತಿಂಗಳುಗಳೇ ಹಿಡಿಯುತ್ತೆ. ಮುಹೂರ್ತದ ದಿನಾಂಕ ನೋಡಿ ಗಾಯ ವಾಸಿಯಾಗಲ್ಲ. ಇನ್ನೊಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ: ಈ ಮದುವೆ ಮಾತುಕತೆಗೆ ಮುಂಚೆಯೂ ಇದು ನಿಮಗೆ ಬೇಕಿತ್ತಾ? ಬೇಕಿತ್ತು ಅಂತಾದ್ರೆ ಮದುವೆ ಆದಮೇಲೂ ಬೇಕು ಅನ್ಸುತ್ತೆ, ಕಾಯಬಹುದು. ಹುಡುಗನ ಕಡೆಯವರು ಏನೋ ಅಂದ್ರು ಅಂತಾದ್ರೆ, ಅದಕ್ಕೆ ಸರ್ಜರಿ ಮದ್ದಲ್ಲ.

ಕಡಿಮೆ ಖರ್ಚು ಅಂತ ಕ್ರೀಮು, ಮಾತ್ರೆ, ಪಂಪ್ ಕಡೆ ಹೋಗಬೇಡಿ. ಅವು ಗಾತ್ರ ಹೆಚ್ಚಿಸ್ತವೆ ಅನ್ನೋಕೆ ಸರಿಯಾದ ಪುರಾವೆ ಇಲ್ಲ. ನಿಮ್ಮದೇ ಕೊಬ್ಬನ್ನ ತೆಗೆದು ತುಂಬೋ ವಿಧಾನವೂ ಇದೆ. ಆದರೆ ಅದರಲ್ಲಿ ಒಂದಷ್ಟನ್ನ ದೇಹ ವಾಪಸ್ ಹೀರಿಕೊಳ್ಳುತ್ತೆ.

ಯೋಚನೆ ಗಟ್ಟಿಯಾಗಿದ್ರೆ ಕನಿಷ್ಠ ಇಬ್ಬರು ಸರ್ಜನ್‌ಗಳನ್ನ ಬೇರೆ ಬೇರೆ ಜಾಗದಲ್ಲಿ ನೋಡಿ. ಪ್ರಶ್ನೆ ಬರೆದುಕೊಂಡು ಹೋಗಿ. "ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್" ಅಂದವರ ಹತ್ರ ಮಾತ್ರ ಆ ದಿನ ದುಡ್ಡು ಕಟ್ಟಬೇಡಿ.