ಮುಂಬಯಿಯಲ್ಲಿ ಹುಟ್ಟಿದ ಹಡಗು

ಅಜ್ಜನ ಕಾಲದ ಮನೆಗಳಲ್ಲಿ ತೇಗದ ಬಾಗಿಲನ್ನು ಕಂಡವರಿಗೆ ಆ ಮರದ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಅದೇ ತೇಗದಿಂದ ಕಟ್ಟಿದ ಯುದ್ಧನೌಕೆಯೊಂದು ಇನ್ನೂರು ವರ್ಷಗಳ ಮೇಲೂ ನೀರಿನಲ್ಲಿ ತೇಲುತ್ತಿದೆಯೆಂದರೆ ಆಶ್ಚರ್ಯವಲ್ಲವೆ? ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಅದು ನಿಂತಿದೆ. ಅದರ ಹೆಸರು ಟ್ರಿಂಕೋಮಲಿ. ಸಿಂಹಳದ ಒಂದು ಬಂದರಿನ ಹೆಸರು ಅದು. ಹುಟ್ಟಿದ್ದು ಮಾತ್ರ ನಮ್ಮ ಮುಂಬಯಿಯಲ್ಲಿ.

ನೆಪೋಲಿಯನ್ನನೊಡನೆ ಯುದ್ಧ ಹೂಡಿದ್ದ ಇಂಗ್ಲೆಂಡಿಗೆ ಹಡಗಿಗೆ ಬೇಕಾದ ಓಕ್ ಮರ ಸಾಲದೆ ಬಂದಿತ್ತು. ಇತ್ತ ಮುಂಬಯಿಯಲ್ಲಿ ಪಾರಸಿಗಳಾದ ವಾಡಿಯಾ ಮನೆತನದವರು ಹಡಗು ಕಟ್ಟುವುದರಲ್ಲಿ ಹೆಸರಾಗಿದ್ದರು. ಮೂಲಪುರುಷ ಲವ್‌ಜಿ ನಸರ್ವಾನ್‌ಜಿ 1736ರಲ್ಲಿ ಸೂರತ್ತಿನಿಂದ ಬಂದು ನೆಲೆಸಿದವನು. ಅವನ ವಂಶದ ಜಮ್‌ಶೇಟ್‌ಜಿ ಬೊಮನ್‌ಜಿಗೆ ಇಂಗ್ಲಿಷ್ ನೌಕಾಪಡೆ ಈ ಹಡಗಿನ ಕೆಲಸ ಒಪ್ಪಿಸಿತು.

ಹಡಗಿನ ನಕ್ಷೆಗಳೇ ಮೊದಲು ಸಮುದ್ರದ ಪಾಲಾದವು. ಅವನ್ನು ಹೊತ್ತು ಬರುತ್ತಿದ್ದ ‘ಜಾವಾ’ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲಿನ ಬಳಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿತು. ಬಳಿಕ ಅದನ್ನು ಸುಟ್ಟುಹಾಕಿದರು. ಇನ್ನೊಂದು ಪ್ರತಿಯನ್ನು ಕಳುಹಿಸಬೇಕಾಯಿತು. ಕೆಲಸ ಕೈಗೂಡುವ ಹೊತ್ತಿಗೆ ಯುದ್ಧವೇ ಮುಗಿದಿತ್ತು! ಆದರೂ ಪಾರಸಿ ಸಂಪ್ರದಾಯದಂತೆ ಹಡಗಿನ ಬೆನ್ನೆಲುಬಾದ ತಳದ ತೊಲೆಗೆ ಬೆಳ್ಳಿಯ ಮೊಳೆ ಹೊಡೆದು ಶಾಸ್ತ್ರ ಮಾಡಿದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು.

ತೇಗವೇ ಏಕೆ? ಓಕ್ ಮರದಲ್ಲಿ ಒಗರಾದ ಆಮ್ಲವುಂಟು. ಒದ್ದೆಯಾದಾಗ ಅದು ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆ, ಮೊಳೆ ಸಡಿಲಾದರೆ ಹಲಗೆ ಬಾಯಿಬಿಡುತ್ತದೆ. ತೇಗದಲ್ಲಿರುವುದು ಎಣ್ಣೆಯ ಅಂಶ. ಅದು ಮರವನ್ನೂ ಕಾಯುತ್ತದೆ, ಕಬ್ಬಿಣವನ್ನೂ ಕಾಯುತ್ತದೆ. ಮಳೆ ಬಿಸಿಲಿಗೆ ಮರ ಹೆಚ್ಚು ಹಿಗ್ಗದು, ಕುಗ್ಗದು. ಗೆದ್ದಲು ಸಹ ಸುಲಭವಾಗಿ ಹತ್ತಿರ ಸುಳಿಯದು.

ಈ ಗುಣಕ್ಕೆ ಬೆಲೆ ತೆತ್ತವರು ಬೇರೆಯೇ. ಹಡಗಿನ ತೇಗ ಬಂದದ್ದು ಮಲಬಾರಿನ ಕಾಡುಗಳಿಂದ. 1806ರಲ್ಲಿ ಕಂಪೆನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅಲ್ಲಿ ಅರಣ್ಯಾಧಿಕಾರಿಯಾಗಿ ನೇಮಿಸಿ, ತೇಗವೆಲ್ಲ ತನ್ನದೇ ಎಂದು ಸಾರಿತು. ತಲೆತಲಾಂತರದಿಂದ ಕಾಡಿನ ಒಡೆತನ ಹೊಂದಿದ್ದ ಜಮೀನುದಾರರೂ ಮರದ ವ್ಯಾಪಾರಿಗಳೂ ಕೈಕಟ್ಟಿ ನಿಲ್ಲಬೇಕಾಯಿತು. ದೂರುಗಳು ಬೆಳೆದು, ಕೊನೆಗೆ 1823ರಲ್ಲಿ ಈ ಏಕಸ್ವಾಮ್ಯವನ್ನು ತೆಗೆದುಹಾಕಿದ್ದು ಮದರಾಸಿನ ಗವರ್ನರ್ ಥಾಮಸ್ ಮನ್ರೋ. ಹಿಂದೆ ನಮ್ಮ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿದ್ದವನೇ ಈತ. ಅಷ್ಟರಲ್ಲಿ ದೊಡ್ಡ ಮರಗಳು ಬಹುಪಾಲು ಉರುಳಿದ್ದವು. ಕಡಿದವರ, ಎಳೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಜಮ್‌ಶೇಟ್‌ಜಿಯ ಹೆಸರಾದರೂ ಉಳಿಯಿತಲ್ಲ ಎಂಬುದೇ ಸಮಾಧಾನ.

1819ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಸೇರಿದ ಹಡಗಿಗೆ ಕೆಲಸವಿರಲಿಲ್ಲ. ಕಾಲು ಶತಮಾನ ಅಲ್ಲಿಯೇ ಸುಮ್ಮನೆ ಕಟ್ಟಿಹಾಕಿದ್ದರು. ಅದು ಬದುಕುಳಿದದ್ದಕ್ಕೆ ಈ ನಿರುದ್ಯೋಗವೂ ಒಂದು ಕಾರಣವೆಂದು ನನಗೆ ತೋರುತ್ತದೆ. 1847ರಿಂದ ವೆಸ್ಟ್ ಇಂಡೀಸಿನ ಕಡೆ, 1852ರಿಂದ 1857ರವರೆಗೆ ಪೆಸಿಫಿಕ್ ಸಾಗರದಲ್ಲಿ ಸಂಚರಿಸಿತು. ಆಮೇಲೆ ನಾವಿಕರಿಗೆ ಕವಾಯತು ಕಲಿಸುವ ಹಡಗಾಯಿತು.

1897ರಲ್ಲಿ ಗುಜರಿಗೆ ಹೋಗಬೇಕಾಗಿದ್ದ ಇದನ್ನು ವೀಟ್ಲೀ ಕಾಬ್ ಎಂಬ ಶ್ರೀಮಂತ ಕೊಂಡನು. ನೆಲ್ಸನ್ನನ ಹಳೆಯ ಹಡಗು ‘ಫೂಡ್ರಾಯಂಟ್’ ಅದೇ ವರ್ಷ ಬಿರುಗಾಳಿಗೆ ಸಿಕ್ಕಿ ಅವನ ಕೈತಪ್ಪಿತ್ತು. ಆ ಹೆಸರನ್ನೇ ಇದಕ್ಕೆ ಇಟ್ಟನು. ಅಂದಿನಿಂದ ಹುಡುಗರು, ನಂತರದ ವರ್ಷಗಳಲ್ಲಿ ಹುಡುಗಿಯರೂ, ತೂಗುಮಂಚಗಳಲ್ಲಿ ಮಲಗಿ, ಹಗ್ಗ ಹೊಸೆದು, ದೋಣಿ ನಡೆಸಿ ಈ ಹಡಗಿನಲ್ಲಿ ಸಮುದ್ರಪಾಠ ಕಲಿತರು. ಅದು ನಡೆದದ್ದು 1986ರವರೆಗೆ. ಮರುವರ್ಷ ಹಾರ್ಟ್ಲ್‌ಪೂಲಿಗೆ ಬಂತು. 1990ರಿಂದ 2001ರವರೆಗೆ ದುರಸ್ತಿ ನಡೆಯಿತು. ಆ ನಡುವೆಯೇ ಹಳೆಯ ಹೆಸರು ಮರಳಿ ಬಂತು. ಕೊಳೆತ ಹಲಗೆಗಳನ್ನು ಬದಲಿಸಿದರಾದರೂ, ಒಡಲಿನ ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಮುಂಬಯಿಯಲ್ಲಿ ಜೋಡಿಸಿದ ಆ ಮಲಬಾರಿನ ತೇಗವೇ.